ಅಸ್ಥಿ ಮತ್ತು ಅಸ್ಥಿಕ್ಷಯ: ಹಾಸನ ಸೀಮೆಯ ಕೆಲವು ಆಧಾರಗಳು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ವೀರ ಸೋಮೇಶ್ವರನ ದಂಡನಾಯಕನಾದ ಬೊಮ್ಮಣ್ಣನು ಕ್ರಿ.ಶ. ೧೨೪೬ರಲ್ಲಿ ಕಟ್ಟಿಸಿದನು. ಅದರ ಹೊರಗೋಡೆಯ ವಿಗ್ರಹಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ರೂವಾರಿಗಳ ಹೆಸರುಗಳು ಕಂಡುಬರುತ್ತವೆ. ಇವರಿಬ್ಬರ ಕೆಲಸದಲ್ಲಿರುವ ತಾರತಮ್ಯವನ್ನು ಕಲಾವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ಪ್ರಕೃತ ನಾವು ಗಮನಿಸಲಿಚ್ಛಿಸುವುದು ಇಬ್ಬರಲ್ಲಿಯೂ ಸಮಾನವಾಗಿರುವ ಒಂದಂಶವನ್ನು. ಅವರು ಬಿಡಿಸಿದ ದೇಹಗಳಲ್ಲಿ ಮೂಳೆಯೇ ಇಲ್ಲವೆನ್ನಬಹುದು. ಭುಜಗಳು ಗುಂಡಗಿವೆ, ತೊಡೆಗಳು ತುಂಬಿವೆ, ಮೊಣಕಾಲಿನ ಗಂಟು ಆಭರಣದ ಸಾಲಿನಲ್ಲಿ ಮುಚ್ಚಿಹೋಗಿದೆ. ಮುಪ್ಪೆಂಬುದು ಈ ಗೋಡೆಯ ಹತ್ತಿರ ಸುಳಿಯುವುದಿಲ್ಲ. ಬಳಪದ ಕಲ್ಲು ಉಳಿಗೆ ಎಷ್ಟು ಸುಲಭವಾಗಿ ಒಲಿಯುತ್ತದೆಯೋ ಶಿಲ್ಪಿಯ ಕಣ್ಣಿನಲ್ಲಿ ಮನುಷ್ಯದೇಹವೂ ಅಷ್ಟೇ ಮೃದುವಾದ ವಸ್ತು.

ಹಾಗಾದರೆ ಈ ಸೀಮೆಯ ಹಿಂದಿನ ಜನರು ಮೂಳೆಯನ್ನು ಏನೆಂದು ತಿಳಿದಿದ್ದರು? ಅದು ಒಳಗಿಂದೊಳಗೆ ಕ್ಷಯಿಸಬಲ್ಲುದೆಂಬ ಅರಿವು ಅವರಿಗಿದ್ದಿತೆ? ಇಂದಿನ ವೈದ್ಯರು ಆಸ್ಟಿಯೋಪೊರೋಸಿಸ್ ಎಂದು ಹೆಸರಿಸುವ ಸ್ಥಿತಿಯನ್ನು ಕನ್ನಡದಲ್ಲಿ ಅಸ್ಥಿರಂಧ್ರತೆ ಎನ್ನಬಹುದು. ಇದನ್ನು ಚರಿತ್ರೆಯ ವಿದ್ಯಾರ್ಥಿಗಳು ಏಕೆ ವಿಚಾರಿಸಬೇಕು ಎಂಬ ಆಕ್ಷೇಪಣೆ ಸಹಜವಾದುದೇ. ಬಾಗಿದ ಬೆನ್ನು, ಕುಗ್ಗಿದ ಎತ್ತರ, ಜಾರಿಬಿದ್ದೊಡನೆ ಮುರಿಯುವ ಸೊಂಟ ಇವನ್ನು ನಾವು ಮುಪ್ಪಿನ ಸ್ವಭಾವವೆಂದು ಎಣಿಸಿದ್ದೇವೆ. ಸ್ವಭಾವವೆಂದು ಎಣಿಸಿದ ವಿಷಯದ ಚರಿತ್ರೆಯನ್ನು ಯಾರೂ ಹುಡುಕುವುದಿಲ್ಲ. ಆದರೆ ಇದಕ್ಕೂ ಒಂದು ಚರಿತ್ರೆಯುಂಟು. ಅದು ಅನ್ನದ, ದುಡಿಮೆಯ ಮತ್ತು ವಿಶೇಷವಾಗಿ ಸ್ತ್ರೀಯರ ಬಾಳಿನ ಚರಿತ್ರೆಯೊಡನೆ ಹೆಣೆದುಕೊಂಡಿದೆಯೆಂಬುದು ನಮ್ಮ ಅಭಿಪ್ರಾಯ.

ನುಗ್ಗೇಹಳ್ಳಿಗಿಂತ ಸುಮಾರು ನೂರಮೂವತ್ತು ವರ್ಷ ಹಿಂದಿನ ದೊಡ್ಡಗದ್ದವಳ್ಳಿಯಲ್ಲಿ ಮೊದಲ ಸಾಕ್ಷ್ಯ ದೊರೆಯುತ್ತದೆ. ಹಾಸನದಿಂದ ಬೇಲೂರಿಗೆ ಹೋಗುವ ದಿಕ್ಕಿನಲ್ಲಿರುವ ಈ ಊರಿನ ಲಕ್ಷ್ಮೀದೇವಿ ದೇವಾಲಯವನ್ನು ವಿಷ್ಣುವರ್ಧನನ ಕಾಲದಲ್ಲಿ, ೧೧೧೩ರ ಸುಮಾರಿನಲ್ಲಿ, ಒಬ್ಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದರು. ನಾಲ್ಕು ಗರ್ಭಗೃಹಗಳಿರುವ ಈ ಗುಡಿಯಲ್ಲಿ ಒಂದು ಕಾಳಿಯದು. ೨೦೨೦ರ ನವೆಂಬರಿನಲ್ಲಿ ಆ ಕಾಳಿಯ ವಿಗ್ರಹವು ಒಡೆದು ಬಿದ್ದಿದ್ದುದು ಕಂಡುಬಂದು ನಾಡಿನಾದ್ಯಂತ ಸುದ್ದಿಯಾಯಿತು. ನಮಗೆ ಬೇಕಾದದ್ದು ಆ ಗರ್ಭಗೃಹದ ಮುಂದೆ ಕಾವಲು ನಿಂತಿರುವ ಬೇತಾಳಗಳು. ಇವು ಮಾಂಸವಿಲ್ಲದ ದೇಹಗಳು: ಪಕ್ಕೆಲುಬುಗಳ ಸಾಲು, ಅಂಟಿಹೋದ ಹೊಟ್ಟೆ, ಕಡ್ಡಿಯಂಥ ಕೈಕಾಲು. ಹೊಯ್ಸಳ ಶಿಲ್ಪಿಗೆ ಮೂಳೆಯ ಪರಿಚಯವಿರಲಿಲ್ಲವೆಂದು ಇವನ್ನು ನೋಡಿದ ಮೇಲೆ ಯಾರೂ ಹೇಳಲಾರರು. ಅವನು ಮೂಳೆಯನ್ನು ದೇವತೆಗಳಿಂದಲೂ ಮನುಷ್ಯರಿಂದಲೂ ತೆಗೆದು ಸ್ಮಶಾನದವರಿಗೆ ಕೊಟ್ಟಿದ್ದಾನೆ, ಅಷ್ಟೆ.

ಇದರ ಹಿಂದಿರುವ ಕಲ್ಪನೆಯು ಇನ್ನೂ ಹಳೆಯದು. ಬಾದಾಮಿಯ ಒಂದನೆಯ ಗುಹೆಯಲ್ಲಿ, ಆರನೆಯ ಶತಮಾನದಲ್ಲಿ ಕಡೆದ ಅರ್ಧನಾರೀಶ್ವರನ ಪಕ್ಕದಲ್ಲಿ ಅಸ್ಥಿಪಂಜರದಂತಿರುವ ಭೃಂಗಿಯು ನಿಂತಿದ್ದಾನೆ. ಶಿವನಿಗೆ ಮಾತ್ರ ಪ್ರದಕ್ಷಿಣೆ ಬಂದು ಪಾರ್ವತಿಯನ್ನು ಬಿಟ್ಟುದರಿಂದ ದೇವಿಯು ಅವನ ದೇಹದಲ್ಲಿದ್ದ ತನ್ನ ಭಾಗವನ್ನು, ಎಂದರೆ ರಕ್ತಮಾಂಸಗಳನ್ನು, ಹಿಂತೆಗೆದುಕೊಂಡಳೆಂದೂ, ನಿಲ್ಲಲಾರದವನಿಗೆ ಶಿವನು ಮೂರನೆಯ ಕಾಲನ್ನು ಕೊಟ್ಟನೆಂದೂ ಕಥೆ. ಇದು ಕೇವಲ ಕಟ್ಟುಕಥೆಯಲ್ಲ. ಶಾಸ್ತ್ರದ ಒಂದು ವಿಭಾಗವೇ ಇಲ್ಲಿ ಕಥೆಯಾಗಿದೆ. ಸುಶ್ರುತನ ಶಾರೀರಸ್ಥಾನದಲ್ಲಿ ಕೂದಲು, ಉಗುರು, ಹಲ್ಲು, ಮೂಳೆ ಮೊದಲಾದ ಗಟ್ಟಿ ಭಾಗಗಳು ತಂದೆಯಿಂದಲೂ, ಮಾಂಸ, ರಕ್ತ, ಮೇದಸ್ಸು, ಮಜ್ಜೆ ಮೊದಲಾದ ಮೃದು ಭಾಗಗಳು ತಾಯಿಯಿಂದಲೂ ಬರುತ್ತವೆಂದು ಹೇಳಿದೆ. ಮೂಳೆ ತಂದೆಯದು, ಮೂಳೆಯೊಳಗಿನ ಮಜ್ಜೆ ತಾಯಿಯದು ಎಂಬ ಈ ಹಂಚಿಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಬೇತಾಳ, ಭೃಂಗಿಗಳಲ್ಲಿ ಮೂಳೆಯೆಂದರೆ ಎಲ್ಲ ಹೋದ ಮೇಲೆ ಉಳಿಯುವ ವಸ್ತು. ಮಾಂಸವು ಕರಗುತ್ತದೆ, ಮೂಳೆಯು ಕರಗುವುದಿಲ್ಲ. ಶಿಲ್ಪಿಯು ತೋರಿಸಿರುವುದು ಕೃಶತೆಯನ್ನೇ ಹೊರತು ಅಸ್ಥಿಕ್ಷಯವನ್ನಲ್ಲ. ಈ ಎರಡರ ಗೊಂದಲ ಇಂದಿಗೂ ಉಳಿದಿದೆ. ಬಡಕಲು ದೇಹದವರ ಮೂಳೆ ಮಾತ್ರ ದುರ್ಬಲವೆಂದೂ ಮೈತುಂಬಿಕೊಂಡವರಿಗೆ ಆ ಭಯವಿಲ್ಲವೆಂದೂ ಭಾವಿಸುವವರು ವಿದ್ಯಾವಂತರಲ್ಲಿಯೂ ಉಂಟು. ಕೃಶತೆಯು ಅಪಾಯವನ್ನು ಹೆಚ್ಚಿಸುವುದು ನಿಜವೇ. ಆದರೆ ಮೂಳೆಯ ಒಳಸ್ಥಿತಿಯನ್ನು ಹೊರಗಿನ ಮೈಕಟ್ಟು ಹೇಳಲಾರದು.

ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇದಕ್ಕಿಂತ ತೀರ ಭಿನ್ನವಾದ ಒಂದು ಅಸ್ಥಿವಿಚಾರವು ಬಳಕೆಯಲ್ಲಿತ್ತು. ಜೈನರ ಕರ್ಮಸಿದ್ಧಾಂತದಲ್ಲಿ ‘ಸಂಹನನ’ವೆಂಬ ಪಾರಿಭಾಷಿಕ ಪದವೊಂದಿದೆ. ಮೂಳೆಗಳ ಬಂಧವು ಎಷ್ಟು ದೃಢವಾಗಿದೆಯೆಂಬುದರ ಮೇಲೆ ದೇಹಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಮೂಳೆ, ಅದರ ಸುತ್ತುಕಟ್ಟು, ಕೀಲು ಮೂರೂ ವಜ್ರದಂತಿರುವುದು ವಜ್ರವೃಷಭನಾರಾಚ ಸಂಹನನ. ತೀರ್ಥಂಕರರ ದೇಹ ಇಂಥದು. ಕಡೆಯ ಬಗೆಯಲ್ಲಿ ಮೂಳೆಗಳು ಒಂದನ್ನೊಂದು ಹಿಡಿಯದೆ ನರಗಳಿಂದ ಮಾತ್ರ ಕಟ್ಟಿಕೊಂಡಿರುತ್ತವೆ. ಉತ್ತಮ ಸಂಹನನವುಳ್ಳವನಿಗೇ ಏಕಾಗ್ರವಾದ ಧ್ಯಾನವು ಸಾಧ್ಯವೆಂದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದೆ. ಈಗಿನ ಕಾಲದಲ್ಲಿ ಮೇಲಿನ ಬಗೆಗಳು ಲೋಪವಾಗಿ ಕೆಳಗಿನವೇ ಉಳಿದಿವೆಯೆಂಬುದು ಸಂಪ್ರದಾಯದ ನಂಬಿಕೆ. ಕಾಲವು ಇಳಿದಂತೆ ಮೂಳೆಯೂ ಇಳಿಯುತ್ತದೆಂಬ ಈ ಭಾವನೆಯನ್ನು ವೈದ್ಯಶಾಸ್ತ್ರವೆಂದು ತೆಗೆದುಕೊಳ್ಳುವಂತಿಲ್ಲ. ಆದರೂ ಮೂಳೆಯ ಬಲವು ಎಲ್ಲರಲ್ಲಿ ಸಮವಾಗಿಲ್ಲ, ಅದಕ್ಕೆ ದರ್ಜೆಗಳುಂಟು ಎಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಪರಂಪರೆ ಈ ಸೀಮೆಯಲ್ಲಿ ನಮಗೆ ಕಾಣದು. ಚಂದ್ರಗಿರಿಯ ನಿಸಿಧಿ ಶಾಸನಗಳಲ್ಲಿ ಸಲ್ಲೇಖನದಿಂದ ದೇಹವನ್ನು ಕೃಶಗೊಳಿಸಿ ಮುಡಿಪಿದವರ ಹೆಸರುಗಳನ್ನು ಓದುವಾಗ ಈ ಹಿನ್ನೆಲೆಯು ಉಪಯುಕ್ತವಾಗುತ್ತದೆ.

ಇನ್ನು ವೈದ್ಯಗ್ರಂಥಗಳು. ಕನ್ನಡದಲ್ಲಿ ಈ ಶಾಸ್ತ್ರವು ಹನ್ನೆರಡನೆಯ ಶತಮಾನದಲ್ಲಿ, ಎಂದರೆ ದೊಡ್ಡಗದ್ದವಳ್ಳಿಯ ಬೇತಾಳಗಳು ತಲೆಯೆತ್ತಿದ ಶತಮಾನದಲ್ಲಿಯೇ, ಬೆಳೆಯತೊಡಗಿತು. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಇವೆರಡೂ ಆ ಕಾಲದವು. ಇವುಗಳ ಹಿಂದೆ ನಿಂತಿರುವುದು ಚರಕ, ಸುಶ್ರುತ, ವಾಗ್ಭಟರ ಪರಂಪರೆ. ಚರಕನ ಲೆಕ್ಕದಲ್ಲಿ ಮೂಳೆಗಳು ೩೬೦. ಸುಶ್ರುತನ ಶಲ್ಯತಂತ್ರದ ಲೆಕ್ಕದಲ್ಲಿ ೩೦೦. ಇಂದು ವಯಸ್ಕರಲ್ಲಿ ೨೦೬ ಎಂದು ಎಣಿಸುತ್ತೇವೆ. ಹಲ್ಲು, ಉಗುರು, ಮೃದ್ವಸ್ಥಿಗಳನ್ನು ಸೇರಿಸುವ ಬಿಡುವ ಕ್ರಮದಿಂದ ಈ ವ್ಯತ್ಯಾಸವು ಬಹುಮಟ್ಟಿಗೆ ಹುಟ್ಟಿದುದೆಂಬುದನ್ನು ಹರ್ನ್‌ಲೆ ಪಂಡಿತರು ೧೯೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ. ಸುಶ್ರುತನು ಮೂಳೆಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ಬಗೆ ಮಾಡಿದ್ದಾನೆ. ನಲಕವೆಂದರೆ ಕೊಳವೆಯಂಥ ಉದ್ದ ಮೂಳೆ. ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಆಮೇಲೆ ಪದರ ಪದರವಾಗಿ ಉಜ್ಜಿ ಬಿಡಿಸಿ ಕಣ್ಣಾರೆ ನೋಡಬೇಕೆಂದು ಅವನು ವಿಧಿಸಿರುವುದು ಪ್ರಸಿದ್ಧವಾಗಿದೆ.

ಎಣಿಕೆಗಿಂತಲೂ ಮುಖ್ಯವಾದುದು ಧಾತುಕ್ರಮ. ಅನ್ನದಿಂದ ರಸ, ರಸದಿಂದ ರಕ್ತ, ಅದರಿಂದ ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸರಣಿಯಲ್ಲಿ ಮೂಳೆಯು ಸತ್ತ ಆಧಾರಸ್ತಂಭವಲ್ಲ. ಅದು ಉಂಡ ಅನ್ನದಿಂದ ಪೋಷಣೆ ಪಡೆಯುವ, ಮುಂದಿನದನ್ನು ಪೋಷಿಸುವ ಸಜೀವ ಧಾತು. ಪೋಷಣೆಯಿದ್ದಲ್ಲಿ ಕ್ಷಯವೂ ಇರಲೇಬೇಕಷ್ಟೆ. ಅಸ್ಥಿಕ್ಷಯದಲ್ಲಿ ಕೂದಲು, ಉಗುರು, ಹಲ್ಲುಗಳು ಉದುರುವುದು, ಆಯಾಸ, ಕೀಲುಗಳ ಸಡಿಲ ಇವನ್ನು ಚರಕನು ಲಕ್ಷಣಗಳಾಗಿ ಹೇಳುತ್ತಾನೆ. ಇದು ನಾವು ಹುಡುಕುವ ರೋಗವನ್ನು ಹೆಚ್ಚಾಗಿ ಹೋಲುವುದಿಲ್ಲ. ಹೋಲುವುದು ಅದರ ಮುಂದಿನ ಮಜ್ಜಾಕ್ಷಯ. ಅಲ್ಲಿ ಮೂಳೆಗಳು ಸೊರಗಿದಂತಾಗಿ ದುರ್ಬಲವೂ ಹಗುರವೂ ಆಗುತ್ತವೆಂದಿದೆ. ವಾಗ್ಭಟನು ಅದೇ ಸಂದರ್ಭದಲ್ಲಿ ಮೂಳೆಗಳಲ್ಲಿ ಪೊಳ್ಳುತನವುಂಟಾಗುವುದೆನ್ನುತ್ತಾನೆ. ದುರ್ಬಲ, ಹಗುರ, ಪೊಳ್ಳು: ಮೂರೂ ಪದಗಳು ಸಾರ್ಥಕವಾಗಿವೆ.

ಇದನ್ನು ಕಂಡು, ನಮ್ಮ ಪೂರ್ವಿಕರಿಗೆ ಅಸ್ಥಿರಂಧ್ರತೆಯು ತಿಳಿದೇ ಇದ್ದಿತೆಂದು ಹಿಗ್ಗುವ ಲೇಖಕರಿದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಮಜ್ಜಾಕ್ಷಯದ ಲಕ್ಷಣಗಳಲ್ಲಿ ತಲೆಸುತ್ತು, ಕಣ್ಣು ಕತ್ತಲೆಯೂ ಸೇರಿವೆ; ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚೆಂಬ, ಇಂದಿನ ಜ್ಞಾನಕ್ಕೆ ತಿರುಳಾದ, ಮಾತು ಅಲ್ಲಿಲ್ಲ. ಹೆಸರಿನ ಸಾದೃಶ್ಯದಿಂದ ವಸ್ತುವಿನ ಐಕ್ಯವನ್ನು ಸಾಧಿಸುವುದು ಚರಿತ್ರಕಾರನ ಕ್ರಮವಲ್ಲ. ಆದರೆ ಮೂಳೆಯ ಬಲವಿರುವುದು ಹೊರಗಿನ ಗಟ್ಟಿತನದಲ್ಲಿ ಮಾತ್ರವಲ್ಲ, ಒಳಗಿನ ತುಂಬಿನಲ್ಲಿಯೂ ಎಂಬುದನ್ನು ವೈದ್ಯನು ಕಂಡಿದ್ದನು, ಶಿಲ್ಪಿಯು ಕಂಡಿರಲಿಲ್ಲ. ತಂದೆಯದೆಂದ ಗಟ್ಟಿ ಭಾಗದ ಕ್ಷಯವನ್ನು ತಾಯಿಯದೆಂದ ಒಳಭಾಗದ ಕ್ಷಯದೊಡನೆ ಸೇರಿಸಿದ್ದು, ಯಾದೃಚ್ಛಿಕವಾದರೂ, ಸ್ವಾರಸ್ಯವಾಗಿದೆ.

ಪಶ್ಚಿಮದಲ್ಲಿಯೂ ಈ ಅರಿವು ಬಂದದ್ದು ತಡವಾಗಿಯೇ. ಲಂಡನಿನ ಶಸ್ತ್ರವೈದ್ಯ ಆಸ್ಟ್ಲೀ ಕೂಪರನು ೧೮೨೦ರ ದಶಕದಲ್ಲಿ, ವೃದ್ಧರ ತೊಡೆಮೂಳೆಯ ಮುರಿತಗಳನ್ನು ವಿವರಿಸುತ್ತ, ಮುಪ್ಪಿನಲ್ಲಿ ಮೂಳೆಯು ಹಗುರವಾಗುವುದನ್ನು ಗುರುತಿಸಿದನು. ಸ್ವಲ್ಪ ಕಾಲದಲ್ಲಿಯೇ ಸ್ಟ್ರಾಸ್‌ಬರ್ಗಿನ ಲಾಬ್‌ಸ್ಟೈನನು ರಂಧ್ರಗಳಿಂದ ಕೂಡಿದ ಮೂಳೆಯೆಂಬ ಅರ್ಥದಲ್ಲಿ ಆಸ್ಟಿಯೋಪೊರೋಸಿಸ್ ಎಂಬ ಹೆಸರನ್ನಿಟ್ಟನು. ೧೯೪೧ರಲ್ಲಿ ಅಮೆರಿಕದ ಫುಲ್ಲರ್ ಆಲ್‌ಬ್ರೈಟನು ಮುಟ್ಟು ನಿಂತ ಸ್ತ್ರೀಯರ ಬೆನ್ನುಮೂಳೆಯ ಕುಸಿತಕ್ಕೂ ಈಸ್ಟ್ರೊಜನ್ ಎಂಬ ಸ್ತ್ರೀಗ್ರಂಥಿರಸದ ಕೊರತೆಗೂ ಇರುವ ಸಂಬಂಧವನ್ನು ತೋರಿಸಿದ ಮೇಲೆ, ಮುಪ್ಪಿನ ಸ್ವಭಾವವೆನಿಸಿದ್ದುದು ಕಾರಣವುಳ್ಳ ರೋಗವಾಯಿತು.

ಮೂಳೆಯ ರಚನೆಯನ್ನು ತಿಳಿಯಲು ನುಗ್ಗೇಹಳ್ಳಿಯ ದೇವಾಲಯಕ್ಕೇ ಮರಳಬಹುದು. ಗುಡಿಯಲ್ಲಿ ಹೊರಗೋಡೆಯಿದೆ, ಒಳಗೆ ನವರಂಗದ ಕಂಬಗಳೂ ಅವನ್ನು ಒಂದಕ್ಕೊಂದು ಹಿಡಿದಿಡುವ ತೊಲೆಗಳೂ ಇವೆ. ಮೂಳೆಯಲ್ಲಿಯೂ ಹೊರಗೆ ದಟ್ಟವಾದ ಕವಚ, ಒಳಗೆ ಜಾಲಂಧ್ರದಂಥ ಹಂದರ. ಒಟ್ಟು ಅಸ್ಥಿಯ ಶೇಕಡಾ ೮೦ರಷ್ಟು ದಟ್ಟ ಮೂಳೆ, ೨೦ರಷ್ಟು ಜಾಲಮೂಳೆ. ಬೆನ್ನುಮೂಳೆಯ ಮಣಿಗಳಲ್ಲಿಯೂ ಉದ್ದ ಮೂಳೆಗಳ ತುದಿಗಳಲ್ಲಿಯೂ ಜಾಲಮೂಳೆಯೇ ಹೆಚ್ಚು. ಕೊಲಾಜೆನ್ ಎಂಬ ನಾರುಪದಾರ್ಥದ ಮೇಲೆ ಸುಣ್ಣ ಮತ್ತು ರಂಜಕದ ಲವಣವು ಹರಳುಗಟ್ಟಿ ಇವೆಲ್ಲ ಆಗಿವೆ. ನಾರಿಲ್ಲದಿದ್ದರೆ ಸುಣ್ಣವು ಪುಡಿಯಾಗುತ್ತದೆ. ಸುಣ್ಣವಿಲ್ಲದಿದ್ದರೆ ನಾರು ಬಾಗುತ್ತದೆ. ಗುಡಿಗೂ ಮೂಳೆಗೂ ಇರುವ ವ್ಯತ್ಯಾಸವೆಂದರೆ, ಮೂಳೆಯೆಂಬ ಗುಡಿಯಲ್ಲಿ ಕಲ್ಲುಕುಟಿಗರು ಎಂದೂ ಕೆಲಸ ನಿಲ್ಲಿಸುವುದಿಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯದನ್ನು ಅಗೆಯುತ್ತವೆ, ಇನ್ನೊಂದು ಬಗೆಯವು ಆ ಗುಂಡಿಯನ್ನು ತುಂಬುತ್ತವೆ. ವಯಸ್ಕನ ಅಸ್ಥಿಯಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಭಾಗ ಹೀಗೆ ಹೊಸದಾಗುತ್ತದೆ. ಸುಮಾರು ಮೂವತ್ತನೆಯ ವಯಸ್ಸಿನವರೆಗೆ ಕಟ್ಟುವುದು ಹೆಚ್ಚು; ಕೆಲಕಾಲ ಎರಡೂ ಸಮ; ಆಮೇಲೆ ಅಗೆಯುವುದೇ ಹೆಚ್ಚು. ಹಂದರದ ಅಡ್ಡತೊಲೆಗಳು ಮೊದಲು ಕತ್ತರಿಸಿಹೋದರೆ ಕಂಬಗಳು ಅಷ್ಟೇ ದಪ್ಪವಿದ್ದರೂ ಭಾರಕ್ಕೆ ಬಾಗಿ ಮುರಿಯುತ್ತವೆ. ಬೆನ್ನು ಬಾಗುವುದು ಹೀಗೆ, ಹಲವೊಮ್ಮೆ ಯಾವ ಪೆಟ್ಟೂ ಬೀಳದೆ.

ಕ್ಷಯದ ಬಗೆಗಳನ್ನು ೧೯೮೩ರಲ್ಲಿ ರಿಗ್ಸ್ ಮತ್ತು ಮೆಲ್ಟನ್ ಎಂಬ ವಿದ್ವಾಂಸರು ಎರಡಾಗಿ ವಿಂಗಡಿಸಿದರು. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಜಾಲಮೂಳೆಯು ವೇಗವಾಗಿ ನಷ್ಟವಾಗಿ ಬೆನ್ನುಮಣಿ, ಮಣಿಕಟ್ಟುಗಳು ಮುರಿಯುವುದು ಮೊದಲನೆಯದು. ಎಪ್ಪತ್ತರ ಆಸುಪಾಸಿನಿಂದ ಸ್ತ್ರೀಪುರುಷರಿಬ್ಬರಲ್ಲಿಯೂ ದಟ್ಟ ಮೂಳೆಯೂ ಜಾಲಮೂಳೆಯೂ ನಿಧಾನವಾಗಿ ಸವೆದು ಸೊಂಟದ ಬಳಿ ತೊಡೆಮೂಳೆ ಮುರಿಯುವುದು ಎರಡನೆಯದು. ಇವಲ್ಲದೆ ಬೇರೆ ಕಾರಣದಿಂದ ಬರುವ ಕ್ಷಯವೂ ಉಂಟು: ದೀರ್ಘಕಾಲದ ಸ್ಟಿರಾಯ್ಡ್ ಔಷಧ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಹಾಸಿಗೆ ಹಿಡಿದಿರುವುದು. ಭಾರ ಹೊರದ ಮೂಳೆ ಕರಗುತ್ತದೆಂಬುದಕ್ಕೆ ಗಗನಯಾತ್ರಿಗಳೇ ಸಾಕ್ಷಿ. ಅವರ ಸೊಂಟ, ಬೆನ್ನುಗಳಲ್ಲಿ ತಿಂಗಳಿಗೆ ಶೇಕಡಾ ಒಂದರಷ್ಟು, ಕೆಲವೊಮ್ಮೆ ಅದಕ್ಕೂ ಮೇಲೆ, ಮೂಳೆ ಕಡಮೆಯಾಗುತ್ತದೆ. ಸಾಮಾನ್ಯ ಎಕ್ಸ್‌ರೇ ಚಿತ್ರದಲ್ಲಿ ಕ್ಷಯವು ಸ್ಪಷ್ಟವಾಗಿ ಕಾಣಬೇಕಾದರೆ ಮೂರನೆಯ ಒಂದು ಭಾಗದಷ್ಟು ನಷ್ಟವಾಗಿರಬೇಕು. ಸಾಂದ್ರತೆಯನ್ನು ಅಳೆಯುವ ಯಂತ್ರವು ೧೯೮೦ರ ದಶಕದ ಕಡೆಯಲ್ಲಿ ಬಂದಿತು. ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತರುಣಿಯರ ಸರಾಸರಿಗಿಂತ ಎರಡೂವರೆ ಪ್ರಮಾಣವಿಚಲನೆಯಷ್ಟು ಅಥವಾ ಅದಕ್ಕೂ ಕೆಳಗಿನ ಸಾಂದ್ರತೆಯನ್ನು ಅಸ್ಥಿರಂಧ್ರತೆಯೆಂದು ನಿರ್ಣಯಿಸಿತು.

ಇಲ್ಲಿ ನಮ್ಮ ಭಾಷೆಯದೊಂದು ತೊಡಕನ್ನು ಹೇಳಲೇಬೇಕು. ಆಡುಮಾತಿನಲ್ಲಿ ‘ಮೂಳೆ ಸವೆತ’ವೆಂಬುದು ಎಲ್ಲಕ್ಕೂ ಸಲ್ಲುವ ಹೆಸರು. ಮೊಣಕಾಲು ನೋವಿನ ರೋಗಿಗೂ ಅದೇ ಮಾತು. ಬೆನ್ನು ಬಾಗಿದವಳಿಗೂ ಅದೇ ಮಾತು. ಮೊಣಕಾಲಿನಲ್ಲಿ ಸವೆಯುವುದು ಮೂಳೆಯ ತುದಿಯ ಮೃದ್ವಸ್ಥಿ. ಅದು ಸಂಧಿವಾತ, ನೋಯುತ್ತದೆ. ಅಸ್ಥಿರಂಧ್ರತೆಯು ಮುರಿಯುವವರೆಗೆ ನೋಯುವುದಿಲ್ಲ. ಡಿ ಜೀವಸತ್ತ್ವದ ಕೊರತೆಯಿಂದ ನಾರಿದ್ದೂ ಸುಣ್ಣ ಕೂಡದೆ ಮೂಳೆ ಮೆತ್ತಗಾಗುವುದು ಮತ್ತೊಂದು ಸ್ಥಿತಿ; ಮಕ್ಕಳಲ್ಲಿ ಅದೇ ರಿಕೆಟ್ಸ್. ೧೯೭೦ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯು ವಂಶಾನುಗತವಾಗಿ ಕೀಲು ಮತ್ತು ಬೆನ್ನುಮಣಿಗಳ ಬೆಳವಣಿಗೆಯನ್ನು ಕೆಡಿಸುವಂಥದು. ಕುಡಿಯುವ ನೀರಿನ ಫ್ಲೋರೈಡಿನಿಂದ ಬರುವ ವ್ಯಾಧಿಯಂತೂ ವಿಚಿತ್ರ. ೧೯೩೭ರಲ್ಲಿ ನೆಲ್ಲೂರು ಸೀಮೆಯಿಂದ ಮೊದಲು ವರದಿಯಾದ, ಪಾವಗಡ, ಮುಂಡರಗಿಗಳ ಕಡೆಯೂ ಜನರು ಅನುಭವಿಸಿರುವ ಈ ಪೀಡೆಯಲ್ಲಿ ಬೆನ್ನುಮೂಳೆಯು ಸಾಮಾನ್ಯವಾಗಿ ದಟ್ಟವಾಗಿಯೇ ಸೆಟೆಯುತ್ತದೆ. ಆದರೆ ೧೯೭೩ರಲ್ಲಿ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿಯವರು ಆಗಿನ ಆಂಧ್ರಪ್ರದೇಶದ ಫ್ಲೋರೈಡ್ ಪೀಡಿತ ಪ್ರದೇಶದಲ್ಲಿ ಮೊಣಕಾಲು ಒಳಕ್ಕೆ ಬಾಗಿದವರಲ್ಲಿ ಅಸ್ಥಿರಂಧ್ರತೆಯನ್ನೂ ಕಂಡು ವರದಿಮಾಡಿದರು. ಇಷ್ಟು ಭಿನ್ನ ಸ್ಥಿತಿಗಳಿಗೆ ಒಂದೇ ಹೆಸರಿರುವುದರಿಂದ ನೋವಿಲ್ಲದ ರೋಗವು ನೋವಿರುವ ರೋಗದ ಮರೆಯಲ್ಲಿ ಅಡಗುತ್ತದೆ.

ಇನ್ನು ಚರಿತ್ರೆಯ ಆಧಾರಗಳ ಪ್ರಶ್ನೆ. ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಉತ್ಖನನ ನಡೆಸಿದ ವೀಲರರು, ಅಲ್ಲಿಯ ಬೃಹತ್ ಶಿಲಾಯುಗದ ಜನರು ಹೆಣದ ಮಾಂಸವು ಕಳೆಯುವವರೆಗೆ ಅದನ್ನು ಒಂದೆಡೆ ಇರಿಸಿ, ಆಮೇಲೆ ಆಯ್ದ ಮೂಳೆಗಳನ್ನು ಕಲ್ಲುಪೆಟ್ಟಿಗೆಯಲ್ಲಿ ಹೂಳುತ್ತಿದ್ದಿರಬೇಕೆಂದು ಊಹಿಸಿದರು. ಶೇಷಾದ್ರಿಯವರು ಉತ್ಖನನ ಮಾಡಿದ ತಿರುಮಕೂಡಲು ನರಸೀಪುರದಲ್ಲಿಯೂ ಮನುಷ್ಯಾಸ್ಥಿಗಳು ದೊರೆತಿವೆ. ಆದರೆ ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಮೂಳೆಯಿಂದ ಸುಣ್ಣವನ್ನು ನೀರು, ಆಮ್ಲಗಳು ಸೆಳೆದಿರಬಹುದು; ಅದು ಹಗುರವಾಗಿರುವುದು ಬದುಕಿದ್ದಾಗಿನ ಕ್ಷಯದಿಂದಲೋ ಮಣ್ಣಿನ ಗುಣದಿಂದಲೋ ಎಂದು ಬೇರ್ಪಡಿಸುವುದು ಕಷ್ಟ. ಹೊಯ್ಸಳರ ಕಾಲಕ್ಕೆ ಬಂದರೆ ದಹನಸಂಸ್ಕಾರವು ಬಹು ಸಮುದಾಯಗಳಲ್ಲಿ ಆ ಆಧಾರವನ್ನೇ ಅಳಿಸಿತು. ಗ್ರಂಥ, ಶಾಸನ, ಶಿಲ್ಪಗಳು ಹೇರಳವಾಗಿರುವ ಕಾಲದಲ್ಲಿ ಮೂಳೆ ವಿರಳ; ಮೂಳೆ ದೊರೆಯುವ ಕಾಲದಲ್ಲಿ ಬರಹವಿಲ್ಲ. ವೀರಗಲ್ಲಿನಲ್ಲಿ ತುರುಗೊಳಲ್ಲಿ ಮಡಿದವನಿದ್ದಾನೆ, ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈ ಇದೆ. ಕೋಲೂರಿ ನೀರಿಗೆ ಹೋಗುವ ಮುದುಕಿಯ ಕಲ್ಲನ್ನು ನಾವು ಕಂಡಿಲ್ಲ.

ಹಾಗೆಂದು ಆಧಾರವೇ ಇಲ್ಲವೆಂದಲ್ಲ. ಹಿಟ್ಟಂ ತಿಂದವಂ ಬೆಟ್ಟಂ ಕಿತ್ತಿಟ್ಟಂ ಎಂಬ ಗಾದೆ ಈ ಸೀಮೆಯಲ್ಲಿ ಕೇಳದವರಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಗಾದೆಯ ಪಕ್ಷದಲ್ಲಿ ಇದು ಬಲವಾದ ಸಾಕ್ಷಿ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತುವು ಆ ಸುಣ್ಣದ ಒಂದಂಶವನ್ನು ಹಿಡಿದಿಡುತ್ತದೆ. ದೇಹದಲ್ಲಿ ಡಿ ಜೀವಸತ್ತ್ವವಿಲ್ಲದಿದ್ದರೆ ಉಳಿದುದೂ ಪೂರ್ತಿಯಾಗಿ ದಕ್ಕುವುದಿಲ್ಲ. ಗಾದೆಯು ಬೆಟ್ಟ ಕಿತ್ತವನ ವಿಷಯವನ್ನು ಹೇಳುತ್ತದೆ; ಹಿಟ್ಟು ತೊಳಸಿ, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದವಳ ಪಾಲಿಗೆ ಎಷ್ಟು ಉಳಿಯುತ್ತಿತ್ತೆಂಬುದನ್ನು ಹೇಳುವುದಿಲ್ಲ.

ಮೂಳೆಯ ಕಟ್ಟಡವು ಮೂವತ್ತರೊಳಗೆ ಮುಗಿಯುವುದರಿಂದ, ಇಂದು ಎಪ್ಪತ್ತು ದಾಟಿದ ಹೆಂಗಸಿನ ಬೆನ್ನು ೧೯೬೦ ಮತ್ತು ೭೦ರ ದಶಕಗಳ ದಾಖಲೆ. ಗೊರೂರಿನ ಹೇಮಾವತಿ ಅಣೆಕಟ್ಟು ೧೯೭೯ರಲ್ಲಿ ಮುಗಿಯುವ ಮುನ್ನ, ಮಳೆಯನ್ನು ನಂಬಿದ ಹೊಲಗಳ ರಾಗಿಯನ್ನುಂಡು, ಬಿಸಿಲಿನಲ್ಲಿ ಕಳೆ ಕಿತ್ತು, ತಲೆಯ ಮೇಲೆ ನೀರು ಸೌದೆ ಹೊತ್ತು ಕಟ್ಟಿದ ಮೂಳೆ ಅದು. ಆ ಕಾಲದ ಊಟ, ದುಡಿಮೆ, ಹೆರಿಗೆಗಳ ವಿವರಗಳನ್ನು ಹೇಳಬಲ್ಲವರು ನುಗ್ಗೇಹಳ್ಳಿ, ಹೊಳೆನರಸೀಪುರ, ಅರಕಲಗೂಡುಗಳ ಮನೆಗಳಲ್ಲಿ ಇನ್ನೂ ಇದ್ದಾರೆ; ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಅವರ ಮೊಮ್ಮಕ್ಕಳು ಅದೇ ಮನೆಗಳಲ್ಲಿ ಬೇರೆ ಊಟವನ್ನುಂಡು, ಹಗಲಿನ ಬಹುಭಾಗವನ್ನು ಸೂರಿನಡಿಯಲ್ಲಿ ಕಳೆಯುತ್ತ, ತಮ್ಮ ಮೂಳೆಯನ್ನು ಈಗ ಕಟ್ಟಿಕೊಳ್ಳುತ್ತಿದ್ದಾರೆ.